ಅಜ್ಜನ ಹೆಸರು ತೆಗೆಯಲು ಹೋಗಿ ಮೊಮ್ಮಗನ ಹೆಸರು ಹೋಗಬಾರದು

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆಸುವ ಕೆಲಸ ಆಗಲೇ ಮುಗಿಯಬೇಕು. ಮರಣ ಪ್ರಮಾಣಪತ್ರ ಕೈಗೆ ಬಂದ ವಾರವೇ. ಚುನಾವಣೆ ಬರಲಿ, ಆಗ ನೋಡೋಣ ಅಂತ ಬಿಟ್ಟರೆ ಅದರ ಪೆಟ್ಟು ಬೀಳುವುದು ಬದುಕಿರುವವರಿಗೆ. ಇದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಪಕ್ಕದ ಗೋವಾದಲ್ಲಿ 2025ರ ನವೆಂಬರಿನಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಮನೆಮನೆಗೆ ಹೋಗಿ ಇಡೀ ಪಟ್ಟಿಯನ್ನು ಹೊಸದಾಗಿ ಪರಿಶೀಲಿಸುವ ಕೆಲಸ, ಶುರುವಾದ ಮೇಲಂತೂ ಕಾರವಾರ ಕಡೆಯ ನೆಂಟರ ಬಾಯಲ್ಲಿ ಇದೇ ಮಾತು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ, ಪೂರ್ತಿ ಓದಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಕಡೆ ಒಂದು ಸಾವಾದರೆ ವೈಕುಂಠ ಸಮಾರಾಧನೆ ಮುಗಿಯುವವರೆಗೆ ಮನೆ ತುಂಬ ಜನ. ಆಮೇಲೆ ಮಕ್ಕಳು ಒಂದೆರಡು ದಿನ ರಜೆ ಉಳಿಸಿಕೊಂಡು ಕಾಗದಪತ್ರದ ಕೆಲಸಕ್ಕೆ ಕೂರುತ್ತಾರೆ. ತೋಟದ ಪೌತಿ ಖಾತೆ, ಸೊಸೈಟಿಯ ಷೇರು ಮತ್ತು ಸಾಲ, ಬ್ಯಾಂಕಿನ ಠೇವಣಿ, ಪಿಂಚಣಿ, ಕರೆಂಟ್ ಮೀಟರು, ರೇಷನ್ ಕಾರ್ಡು. ಇವೆಲ್ಲ ಒಂದಲ್ಲ ಒಂದು ದಿನ ಆಗಿಯೇ ಆಗುತ್ತವೆ. ಆಗದಿದ್ದರೆ ಎಲ್ಲಾದರೂ ದುಡ್ಡೋ ಜಮೀನೋ ಸಿಕ್ಕಿಹಾಕಿಕೊಳ್ಳುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರು ಉಳಿದರೆ ಮನೆಯವರಿಗೆ ಒಂದು ರೂಪಾಯಿಯ ನಷ್ಟವೂ ಇಲ್ಲ. ಅದನ್ನು ಕೇಳುವವರೂ ಇಲ್ಲ. ಹಾಗಾಗಿ ಹೆಸರು ಉಳಿಯುತ್ತದೆ. ಇದರಲ್ಲಿ ಯಾರ ಕೆಟ್ಟ ಬುದ್ಧಿಯೂ ಇರುವುದಿಲ್ಲ. ಪಟ್ಟಿಯಲ್ಲಿ ಸತ್ತವರ ಹೆಸರು ಕಂಡ ಕೂಡಲೇ 'ಕಳ್ಳ ಓಟು' ಅಂತ ಕೂಗುವವರು ಇದನ್ನು ಮೊದಲು ತಿಳಿದುಕೊಳ್ಳಬೇಕು.

ನಮ್ಮ ಭಾಗದ ಬಿಎಲ್‌ಒ ಒಬ್ಬ ಅಂಗನವಾಡಿ ಅಕ್ಕೋರು. ಮತಗಟ್ಟೆ ಮಟ್ಟದ ಅಧಿಕಾರಿ ಅಂತ ದೊಡ್ಡ ಹೆಸರು, ಆದರೆ ಇರುವ ಕೆಲಸದ ಮೇಲೆ ಹೊರಿಸಿದ ಇನ್ನೊಂದು ಕೆಲಸ ಅದು. ಇದಕ್ಕೆ ಕೊಡುವ ಗೌರವಧನ ಮೊದಲು ವರ್ಷಕ್ಕೆ ಕನಿಷ್ಠ 6,000 ರೂಪಾಯಿ ಇತ್ತು. 2025ರ ಆಗಸ್ಟಿನಲ್ಲಿ ಚುನಾವಣಾ ಆಯೋಗ ಅದನ್ನು 12,000ಕ್ಕೆ ಏರಿಸಿತು. ನಮ್ಮ ಕಡೆ ಮನೆಗಳು ಸಾಲಾಗಿ ಇರುವುದಿಲ್ಲ. ಒಂದು ಮನೆ ಬೆಟ್ಟದ ಬುಡದಲ್ಲಿ, ಇನ್ನೊಂದು ಹಳ್ಳದ ಆಚೆ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಹೋಗಬೇಕು. ಮೊಬೈಲಿನಲ್ಲಿ ಮಾಹಿತಿ ತುಂಬೋಣ ಅಂದರೆ ನೆಟ್‌ವರ್ಕ್ ಗುಡ್ಡದ ತಲೆಯ ಮೇಲೆ ಮಾತ್ರ.

ಅವರ ಹತ್ತಿರ ಈ ವಿಷಯ ಮಾತಾಡಿದಾಗ ಹೇಳಿದರು: "ಅಣ್ಣ, ಯಾರ ಮನೆಯಲ್ಲಿ ಯಾರು ತೀರಿಹೋದರು ಅಂತ ನಂಗೆ ಗೊತ್ತಿರ್ತದೆ. ಗೊತ್ತಿದ್ರೆ ಆಗ್ಲಿಲ್ಲ, ಕಾಗದ ಬೇಕು. ಮನೆಗೆ ಹೋದ್ರೆ ಬೀಗ. ಮಗನಿಗೆ ಫೋನ್ ಮಾಡಿದ್ರೆ ಊರಿಗೆ ಬಂದಾಗ ಕೊಡ್ತೇನೆ ಅಂತಾರೆ. ಬಂದವರು ಎರಡು ದಿನಕ್ಕೆ ವಾಪಸ್ ಹೋಗಿರ್ತಾರೆ."

ಬೀಗ ಹಾಕಿದ ಮನೆ ಅಂದರಲ್ಲ, ನಮ್ಮ ಜಿಲ್ಲೆಯ ತೊಂದರೆಯ ಅರ್ಧ ಭಾಗ ಅಲ್ಲೇ ಇದೆ. ಹೆಸರು ತೆಗೆಯಲು ಕೊಡುವ ಅರ್ಜಿ ನಮೂನೆ 7. ಅದನ್ನು ಕೊಡುವವರ ಹೆಸರೂ ಅದೇ ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಇರಬೇಕು. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ, ಇಬ್ಬರೂ ತಮ್ಮ ಓಟನ್ನು ಅಲ್ಲಿಗೆ ವರ್ಗ ಮಾಡಿಕೊಂಡಿದ್ದಾರೆ. ಅದು ಸರಿಯೇ. ಆದರೆ ಊರಿನಲ್ಲಿ ಒಬ್ಬರೇ ಇದ್ದ ಆಯಿ ತೀರಿಕೊಂಡಾಗ ಅರ್ಜಿ ಹಾಕಲು ಆ ಮನೆಯಲ್ಲಿ ಮತದಾರರೇ ಉಳಿದಿರುವುದಿಲ್ಲ. ಚಿಕ್ಕಪ್ಪನೋ, ಅತ್ತಿಗೆಯೋ, ಪಕ್ಕದ ಮನೆಯವರೋ ಹಾಕಬೇಕು. ಅವರನ್ನು ಕೇಳಿಕೊಳ್ಳುವುದು ಮಕ್ಕಳ ಕೆಲಸ. ಮರಣ ಪ್ರಮಾಣಪತ್ರದ ಒಂದು ಪ್ರತಿಯನ್ನು ಬಿಎಲ್‌ಒಗೆ ವಾಟ್ಸಾಪಿನಲ್ಲಿ ಕಳಿಸಿದರೂ ಅವರಿಗೆ ಎಷ್ಟೋ ಅನುಕೂಲ.

ಇನ್ನರ್ಧ ತೊಂದರೆ ಆಸ್ಪತ್ರೆಯದು. ಕಾನೂನಿನ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗಬೇಕು, 21 ದಿನದೊಳಗೆ. 1969ರ ಜನನ ಮರಣ ನೋಂದಣಿ ಕಾಯಿದೆ ಹೇಳುವುದೇ ಹಾಗೆ. ಈಗ ನಮ್ಮ ಜಿಲ್ಲೆಯ ಪರಿಸ್ಥಿತಿ ನೋಡಿ. ಕಾಯಿಲೆ ಜೋರಾದರೆ ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೋ ಮಂಗಳೂರಿಗೋ ಓಡುತ್ತಾರೆ. ಶಿರಸಿ, ಯಲ್ಲಾಪುರ, ಮುಂಡಗೋಡದವರು ಹುಬ್ಬಳ್ಳಿಗೆ. ಕಾರವಾರದವರು ಗೋವಾದ ಬಾಂಬೋಳಿಗೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಈ ಜಿಲ್ಲೆ ಎಷ್ಟು ವರ್ಷದಿಂದ ಕೇಳುತ್ತಿದೆ ಅಂತ ನಿಮಗೆ ಗೊತ್ತೇ ಇದೆ. ಅಲ್ಲಿ ತೀರಿಕೊಂಡವರ ಸಾವು ಅಲ್ಲಿಯೇ ದಾಖಲಾಗುತ್ತದೆ, ಉಡುಪಿಯಲ್ಲೋ ಧಾರವಾಡ ಜಿಲ್ಲೆಯಲ್ಲೋ ಬೇರೆ ರಾಜ್ಯದಲ್ಲೋ. ಊರಿನ ಮರಣ ನೋಂದಣಿ ಪುಸ್ತಕದಲ್ಲಿ ಅದರ ಸುಳಿವೇ ಇರುವುದಿಲ್ಲ. ಊರಿನ ದಾಖಲೆ ನೋಡಿ ಪಟ್ಟಿ ಸರಿ ಮಾಡುತ್ತೇವೆ ಅಂದರೆ ನಮ್ಮಲ್ಲಿ ಅದು ಅರ್ಧ ಕೆಲಸವೂ ಆಗುವುದಿಲ್ಲ.

ಇದಕ್ಕೆ ಒಂದು ಒಳ್ಳೆಯ ದಾರಿ ಈಗ ತೆರೆದಿದೆ. 2023ರಲ್ಲಿ ಆ ಕಾಯಿದೆಗೆ ತಿದ್ದುಪಡಿ ಆಯಿತು, ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೂ ಬಂತು. ದೇಶದ ಎಲ್ಲ ಜನನ ಮರಣಗಳ ಮಾಹಿತಿ ಒಂದೇ ಕಡೆ ಸೇರಿಸಿ, ಅದನ್ನು ಮತದಾರರ ಪಟ್ಟಿಯಂಥ ಕೆಲಸಕ್ಕೂ ಬಳಸಬಹುದು. 2025ರ ಮೇ 1ರಂದು ಚುನಾವಣಾ ಆಯೋಗವೂ ಒಂದು ಮಾತು ಹೇಳಿತು. ಭಾರತದ ರಿಜಿಸ್ಟ್ರಾರ್ ಜನರಲ್ ಅವರಿಂದ ಸಾವಿನ ಮಾಹಿತಿಯನ್ನು ನೇರವಾಗಿ ಕಂಪ್ಯೂಟರ್ ಮೂಲಕ ಪಡೆಯುತ್ತೇವೆ, ಬಿಎಲ್‌ಒಗಳು ನಮೂನೆ 7ಕ್ಕೆ ಕಾಯದೆ ಮನೆಗೆ ಹೋಗಿ ಖಚಿತ ಮಾಡಿಕೊಳ್ಳಬಹುದು ಅಂತ. ಬಾಂಬೋಳಿಯಲ್ಲಾದ ಸಾವಿನ ಸುದ್ದಿ ಕಾರವಾರದ ಮಾಜಾಳಿಯ ಬಿಎಲ್‌ಒಗೆ ತಾನಾಗಿ ಮುಟ್ಟುವ ವ್ಯವಸ್ಥೆ ಇದು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಇದು ಎಲ್ಲ ಭಾಗಕ್ಕೂ ಬೇಗ, ಸರಿಯಾಗಿ ಬರಬೇಕು.

ಆದರೆ ಮಾಹಿತಿ ಬಂದ ಮೇಲೆ ಮನೆಗೆ ಹೋಗಿ ನೋಡುವ ಹೆಜ್ಜೆಯನ್ನು ಯಾರೂ, ಯಾವ ಕಾರಣಕ್ಕೂ ಬಿಡಬಾರದು. ನನ್ನ ಮುಖ್ಯ ಮಾತು ಇದೇ.

ನಮ್ಮ ಕಡೆ ಹೆಸರಿಡುವ ರೀತಿ ಗೊತ್ತಲ್ಲ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು. ಹೆಸರು, ಆಮೇಲೆ ಅಪ್ಪನ ಹೆಸರು, ಆಮೇಲೆ ಅಡ್ಡಹೆಸರು. ಹಾಗಾದರೆ ಗಣಪತಿ ರಾಮಚಂದ್ರ ಹೆಗಡೆ ಅಂತ ಒಬ್ಬ ಅಜ್ಜ ಇದ್ದಾರೆ ಅಂದುಕೊಳ್ಳಿ. ಅವರ ಮಗನಿಗೆ ಅವನ ಅಜ್ಜನ ಹೆಸರು, ರಾಮಚಂದ್ರ ಗಣಪತಿ ಹೆಗಡೆ. ಮೊಮ್ಮಗ ಮತ್ತೆ ಗಣಪತಿ ರಾಮಚಂದ್ರ ಹೆಗಡೆ. ಅಜ್ಜನದೂ ಮೊಮ್ಮಗನದೂ ಒಂದೇ ಹೆಸರು, ತಂದೆಯ ಹೆಸರೂ ಒಂದೇ, ಮನೆ ನಂಬರೂ ಒಂದೇ, ಮತಗಟ್ಟೆಯೂ ಒಂದೇ. ಬೇರೆ ಇರುವುದು ವಯಸ್ಸು, ಫೋಟೋ ಮತ್ತು ಎಪಿಕ್ ನಂಬರು (ಓಟರ್ ಕಾರ್ಡಿನ ನಂಬರು) ಮಾತ್ರ. ದೂರದ ಕಚೇರಿಯಲ್ಲಿ ಕೂತು ಒಂದೇ ದಿನ ನೂರಾರು ಹೆಸರು ಹೊಂದಿಸುವವರ ಕಣ್ಣು ಒಂದು ಸಾಲು ಜಾರಿದರೆ ಸಾಕು. ಕರಾವಳಿಯಲ್ಲಿ ಇನ್ನೂ ಕಷ್ಟ. ಒಂದೇ ಊರಿನಲ್ಲಿ ನಾಲ್ಕೈದು ಮಂಜುನಾಥ ನಾಯ್ಕರು, ಅವರ ಜೊತೆಗೆ ಮಂಜುನಾಥ ನಾಯಕರು. ಆಸ್ಪತ್ರೆಯ ದಾಖಲೆ ಇಂಗ್ಲಿಷಿನಲ್ಲಿ, ಪಟ್ಟಿ ಕನ್ನಡದಲ್ಲಿ. ಕಂಪ್ಯೂಟರಿಗೆ ಗೊತ್ತಾಗದ ವ್ಯತ್ಯಾಸ ಅಕ್ಕೋರಿಗೆ ಮುಖ ನೋಡಿದ ಕೂಡಲೇ ಗೊತ್ತಾಗುತ್ತದೆ.

ಕಾನೂನನ್ನು ಗಮನವಿಟ್ಟು ಓದಿದರೆ ಇನ್ನೊಂದು ವಿಷಯ ಕಾಣುತ್ತದೆ. 1950ರ ಜನತಾ ಪ್ರಾತಿನಿಧ್ಯ ಕಾಯಿದೆಯ 22ನೇ ಕಲಮಿನಲ್ಲಿ, ಒಬ್ಬರು ಊರು ಬಿಟ್ಟು ಹೋಗಿದ್ದಾರೆ ಅಂತ ಹೆಸರು ತೆಗೆಯುವುದಾದರೆ ಅವರಿಗೆ ಮಾತಾಡಲು ಅವಕಾಶ ಕೊಡಲೇಬೇಕು ಅಂತಿದೆ. ಸತ್ತಿದ್ದಾರೆ ಅಂತಾದರೆ ಆ ಅವಕಾಶದ ಮಾತಿಲ್ಲ. ಸತ್ತವರನ್ನು ಕರೆದು ಕೇಳುವುದು ಸಾಧ್ಯವಿಲ್ಲವಲ್ಲ, ಅದು ಸಹಜವೇ. ಆದರೆ ಬದುಕಿರುವವರನ್ನು ಯಾರಾದರೂ ಸತ್ತಿದ್ದಾರೆ ಅಂತ ಬರೆದುಬಿಟ್ಟರೆ ಅವರನ್ನು ಕೇಳುವವರೇ ಇಲ್ಲ. ಅದಕ್ಕೇ ಸಾವಿನ ಕಾರಣಕ್ಕೆ ಹೆಸರು ತೆಗೆಯುವಾಗ ಪುರಾವೆ ಎಲ್ಲಕ್ಕಿಂತ ಗಟ್ಟಿ ಇರಬೇಕು. ಪ್ರಮಾಣಪತ್ರ ಇರಬೇಕು, ಇಲ್ಲದಿದ್ದರೆ ಬಿಎಲ್‌ಒ ಮನೆಗೆ ಹೋಗಿ, ಅಕ್ಕಪಕ್ಕದವರ ಹೇಳಿಕೆ ಬರೆದುಕೊಂಡಿರಬೇಕು.

ಇದು ಸುಮ್ನೆ ಹೆದರಿಸುವ ಮಾತಲ್ಲ. ನಮ್ಮ ರಾಜ್ಯದಲ್ಲೇ, ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ, 2023ರ ವಿಧಾನಸಭೆ ಚುನಾವಣೆಗೆ ಮುಂಚೆ 6,018 ಹೆಸರು ತೆಗೆಯಲು ಆನ್‌ಲೈನಿನಲ್ಲಿ ನಮೂನೆ 7 ಅರ್ಜಿ ಬಂದವು. ಸಂಖ್ಯೆ ನೋಡಿ ಅನುಮಾನ ಬಂದು ಪರಿಶೀಲಿಸಿದರೆ ಸರಿ ಇದ್ದದ್ದು 24 ಮಾತ್ರ. ಉಳಿದ 5,994 ತಪ್ಪು. ಪೊಲೀಸರಿಗೆ ದೂರು ಹೋಯಿತು. ಅರ್ಜಿ ಯಾರು ಹಾಕಿಸಿದರು ಅನ್ನುವ ರಾಜಕೀಯ ಜಗಳ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ನನಗೆ ಬೇಕಾದ ವಿಷಯ ಇಷ್ಟೇ. ಆ 5,994 ಹೆಸರು ಉಳಿದದ್ದು ಪರಿಶೀಲನೆ ನಡೆದದ್ದರಿಂದ.

ಬಿಹಾರದ್ದು ಇನ್ನೂ ದೊಡ್ಡ ಕತೆ. ಅಲ್ಲೂ ಇದೇ ವಿಶೇಷ ತೀವ್ರ ಪರಿಷ್ಕರಣೆ ನಡೆಯಿತು, 2025ರ ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಅದರಲ್ಲಿ ಸುಮಾರು 22 ಲಕ್ಷ ಜನ ತೀರಿಕೊಂಡಿದ್ದಾರೆ ಅನ್ನುವ ಕಾರಣ. ಅವರಲ್ಲಿ ಬಹಳಷ್ಟು ಜನ ನಿಜವಾಗಿ ತೀರಿಕೊಂಡವರೇ ಇರಬಹುದು. ಆದರೆ ಸತ್ತವರು ಅಂತ ಬರೆದಿದ್ದ ಇಬ್ಬರನ್ನು ಸುಪ್ರೀಂ ಕೋರ್ಟಿನ ಎದುರು ಕರೆತಂದು ನಿಲ್ಲಿಸಬೇಕಾಯಿತು. ಅದಾದ ಮೇಲೆ, ಆಗಸ್ಟ್ 14ರಂದು, ಬಿಟ್ಟುಹೋದ ಎಲ್ಲರ ಹೆಸರನ್ನೂ ಕಾರಣದ ಜೊತೆಗೆ ಪ್ರಕಟಿಸಿ ಅಂತ ಕೋರ್ಟು ಹೇಳಿತು. ವರ್ಷ ವರ್ಷ ಆಗಬೇಕಾದ ಕೆಲಸ ಬಾಕಿ ಉಳಿದು, ಅದನ್ನೆಲ್ಲ ಒಂದೇ ತಿಂಗಳಲ್ಲಿ ಮುಗಿಸಲು ಹೊರಟಾಗ ಹೀಗಾಗುತ್ತದೆ. ನಾವು ಆಗಿಂದಾಗಲೇ ಹೆಸರು ತೆಗೆಸುತ್ತಿದ್ದರೆ ಇಷ್ಟು ಅವಸರದ ಕೆಲಸ ಯಾರಿಗೂ ಬೀಳುವುದಿಲ್ಲ.

ಸತ್ತವರ ಹೆಸರು ಉಳಿದರೆ ಅಷ್ಟೊಂದು ಅಪಾಯವೇ ಅಂತ ಕೇಳಬಹುದು. ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಓಟು ಬೀಳುವುದಿಲ್ಲ. ಇನ್ನೊಬ್ಬರು ಬಂದು ಸುಳ್ಳು ಹೇಳಬೇಕು. ಪಟ್ಟಿಯಲ್ಲಿ ಫೋಟೋ ಇರುತ್ತದೆ, ಮತಗಟ್ಟೆಯಲ್ಲಿ ಊರಿನವರೇ ಏಜೆಂಟರಾಗಿ ಕೂತಿರುತ್ತಾರೆ. ಮನೆಯಲ್ಲಿ ಇಲ್ಲದವರು, ಊರು ಬಿಟ್ಟವರು, ತೀರಿಕೊಂಡವರು ಅಂತ ಬೇರೆ ಪಟ್ಟಿ ಮಾಡಿ ಮತಗಟ್ಟೆ ಅಧಿಕಾರಿಯ ಕೈಗೆ ಕೊಟ್ಟಿರುತ್ತಾರೆ. ನಮ್ಮಂಥ ಸಣ್ಣ ಊರುಗಳಲ್ಲಿ ಮೋಸ ಮಾಡುವುದು ಸುಲಭ ಅಲ್ಲ. ಆದರೂ ನನಗೆ ನೆಮ್ಮದಿ ಇಲ್ಲ. 2023ರಲ್ಲಿ ನಮ್ಮ ಕುಮಟಾ ಕ್ಷೇತ್ರದ ಫಲಿತಾಂಶ ಸಾವಿರಕ್ಕಿಂತ ಕಡಿಮೆ ಮತದಲ್ಲಿ ತೀರ್ಮಾನ ಆಯಿತು. ಅದೇ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತ. ಗ್ರಾಮ ಪಂಚಾಯತಿ ಚುನಾವಣೆಯಲ್ಲಂತೂ ಸಮಬಲ ಬಂದು ಚೀಟಿ ಎತ್ತಿದ್ದನ್ನು ಎಷ್ಟೋ ಜನ ನೋಡಿದ್ದೇವೆ. ಇಂಥ ಕಡೆ ಸೋತವರ ಮನಸ್ಸಿನಲ್ಲಿ 'ಪಟ್ಟಿ ಸರಿ ಇತ್ತಾ' ಅನ್ನುವ ಅನುಮಾನ ಉಳಿದರೆ ಆಮೇಲೆ ಐದು ವರ್ಷ ಊರಿಗೆ ಊರೇ ಅದನ್ನು ಅನುಭವಿಸುತ್ತದೆ.

ಒಂದು ತರದ ಮನೆಗಳಿಗೆ ಮಾತ್ರ ಈ ಅವಸರ ಬೇಡ ಅಂತ ಕೈಮುಗಿದು ಕೇಳುತ್ತೇನೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನ ಜೊತೆ ಏಳು ಮೀನುಗಾರರು ಕಾಣೆಯಾದರು. ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ಎರಡು ತಿಂಗಳು ದಾಟಿದರೂ ಹುಡುಕಾಟ ಮುಗಿದಿರಲಿಲ್ಲ. ದೇಹ ಸಿಗದ ಮನೆಯಲ್ಲಿ ಆಸೆ ಅಷ್ಟು ಬೇಗ ಹೋಗುವುದಿಲ್ಲ. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ತೀರಿಕೊಂಡಿದ್ದಾರೆ ಅಂತ ತಿಳಿಯಲು ಕಾನೂನೂ ಒಪ್ಪುತ್ತದೆ. ಆದರೆ ಅಂಥ ಮನೆಯ ಬಾಗಿಲಿಗೆ ಹೋಗಿ ನಮೂನೆ 7ಕ್ಕೆ ಸಹಿ ಹಾಕಿ ಅಂತ ಯಾರೂ ಕೇಳಬಾರದು. ಮನೆಯವರು ತಾವಾಗಿ ಹೇಳುವವರೆಗೆ ಒಂದು ಹೆಸರು ಪಟ್ಟಿಯಲ್ಲಿ ಇರಲಿ ಬಿಡಿ.

ಉಳಿದ ಮನೆಗಳಲ್ಲಿ ಹೀಗೆ ಮಾಡಬಹುದು. ತೀರಿಕೊಂಡವರ ಓಟರ್ ಕಾರ್ಡನ್ನು ಎಸೆಯಬೇಡಿ, ಎಪಿಕ್ ನಂಬರು ಬರೆದಿಟ್ಟುಕೊಳ್ಳಿ. ಅರ್ಜಿಯಲ್ಲಿ ಹೆಸರಿನ ಜೊತೆಗೆ ಆ ನಂಬರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಮೂರನ್ನೂ ಬರೆಯಿರಿ. ಅಜ್ಜ ಮೊಮ್ಮಗ ಒಂದೇ ಹೆಸರಿನವರಾದರೆ ಇದನ್ನು ಮರೆಯಲೇಬಾರದು. ಆನ್‌ಲೈನಿನಲ್ಲಿ ಆಗದಿದ್ದರೆ ಬಿಎಲ್‌ಒ ಕೈಗೆ ಕೊಡಿ, ಸ್ವೀಕೃತಿ ಕೇಳಿ. ಬಿಎಲ್‌ಒ ಯಾರು ಅಂತ ಗೊತ್ತಿಲ್ಲದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಹೊಸ ಪಟ್ಟಿ ಬಂದಾಗ ನಿಮ್ಮ ಹೆಸರು ಇದೆಯಾ ಅಂತ ನೋಡುತ್ತೀರಲ್ಲ, ಹಾಗೆಯೇ ತೆಗೆದುಹಾಕಿದ ಹೆಸರುಗಳ ಪೂರಕ ಪಟ್ಟಿಯನ್ನೂ ಒಮ್ಮೆ ಓದಿ. ಅದರಲ್ಲಿ ಬದುಕಿರುವ ನೆರೆಯವರ ಹೆಸರು ಕಂಡರೆ ಅವತ್ತೇ ಅವರಿಗೆ ಹೇಳಿ. ಅವರು ನಮೂನೆ 6 ಹಾಕಿ ಮತ್ತೆ ಸೇರಿಕೊಳ್ಳಬಹುದು, ಆದರೆ ದಿನಾಂಕ ಮುಗಿಯುವ ಮೊದಲು ಗೊತ್ತಾಗಬೇಕು.

ಪಂಚಾಯತಿಯವರಲ್ಲಿ ಒಂದು ಬೇಡಿಕೆ ಇದೆ. ಗ್ರಾಮಸಭೆಯಲ್ಲಿ ಮನೆ ಯಾರಿಗೆ, ರಸ್ತೆ ಯಾವುದಕ್ಕೆ ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ. ಅದೇ ಸಭೆಯಲ್ಲಿ ಹತ್ತು ನಿಮಿಷ ತೆಗೆದು, ಹಿಂದಿನ ಸಭೆಯಿಂದ ಈಚೆಗೆ ಊರಿನಲ್ಲಿ ತೀರಿಕೊಂಡವರ ಹೆಸರನ್ನು ಬಿಎಲ್‌ಒ ಎದುರು ಗಟ್ಟಿಯಾಗಿ ಓದಲಿ. ಮಣಿಪಾಲದಲ್ಲಿ ಹೋದವರು, ಹುಬ್ಬಳ್ಳಿಯಲ್ಲಿ ಹೋದವರು ಯಾರು ಬಿಟ್ಟುಹೋಗಿದ್ದಾರೆ ಅಂತ ಕೂತವರೇ ಹೇಳುತ್ತಾರೆ. ತಪ್ಪಾಗಿ ಯಾರದಾದರೂ ಹೆಸರು ಸೇರಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಇದಕ್ಕೆ ಹೊಸ ಕಾನೂನು ಬೇಡ, ಹೆಚ್ಚಿನ ಖರ್ಚೂ ಇಲ್ಲ. ನಮ್ಮ ಪಂಚಾಯತಿಯ ಮುಂದಿನ ಗ್ರಾಮಸಭೆಯಲ್ಲಿ ಇದನ್ನು ನಾನು ಎದ್ದು ನಿಂತು ಕೇಳುತ್ತೇನೆ. ನಿಮ್ಮ ಊರಿನ ಸಭೆಯಲ್ಲಿ ನೀವೂ ಕೇಳಿ. ಎಲ್ಲಿ ಒಪ್ಪಿದರು, ಎಲ್ಲಿ ಒಪ್ಪಲಿಲ್ಲ ಅಂತ ಇಲ್ಲಿಯೇ ಕೆಳಗೆ ಬರೆಯಿರಿ.