ರಂಪಾಟ, ಪರದಾಟ ಮತ್ತು ಒಂದು ಟವೆಲ್

ಕಳೆದ ವಾರದ ಆ ವಿಡಿಯೋ ನಿಮಗೂ ಬಂದಿರುತ್ತದೆ. ಭಾವನೋ ಚಿಕ್ಕಪ್ಪನೋ ಫ್ಯಾಮಿಲಿ ಗ್ರೂಪಿಗೆ ಹಾಕಿರುತ್ತಾರೆ, ಕೆಳಗೆ ನಾಲ್ಕು ನಗುವ ಮುಖ. ತಲೆಬರಹ ಮಾತ್ರ ಹಳೆಯದೇ: 'ನಡುರಸ್ತೆಯಲ್ಲಿ ಮಾನಸಿಕ ಅಸ್ವಸ್ಥನ ರಂಪಾಟ, ಪೊಲೀಸರ ಪರದಾಟ'. ನಮ್ಮ ಹಾಸನದ ವರದಿಗಾರರ ಪ್ರಾಸಕ್ಕೆ ಕೈ ಮುಗಿಯಬೇಕು. ಕಾಡಾನೆಯದು ಪುಂಡಾಟ, ಕುಡುಕನದು ತೂರಾಟ, ಎಲೆಕ್ಷನ್ ಬಂದರೆ ಕೆಸರೆರಚಾಟ. ಆಟ ಇಲ್ಲದಿದ್ದರೆ ಅದು ಸುದ್ದಿಯೇ ಅಲ್ಲ.

ನಾನು ಅಲ್ಲೇ ಟೀ ಕುಡಿಯುತ್ತಿದ್ದೆ. ಆ ಮನುಷ್ಯ ಮಾಡಿದ ರಂಪಾಟ ಇಷ್ಟು: ಡಿವೈಡರ್ ಮೇಲೆ ಕೂತು ಟವೆಲ್ ಮಡಚುತ್ತಿದ್ದ. ಮಡಚಿ, ಬಿಚ್ಚಿ, ಕೊಡವಿ, ಮತ್ತೆ ಅಂಚಿಗೆ ಅಂಚು ಸೇರಿಸಿ ಮಡಚುತ್ತಿದ್ದ. ಯಾರೋ ಹುಡುಗ ತಮಾಷೆಗೆ ಟವೆಲ್ ಕಿತ್ತುಕೊಂಡ. ಆಮೇಲೆ ಅವನು ಕಿರುಚಿದ. ವಿಡಿಯೋ ಶುರುವಾಗುವುದು ಅಲ್ಲಿಂದ.

ಕಾನೂನು ನೋಡಿದರೆ ಬಂಗಾರ. 1912ರಲ್ಲಿ ಬ್ರಿಟಿಷರು ಮಾಡಿದ್ದು ಲೂನಸಿ ಆಕ್ಟ್, ಅಂದರೆ ಹುಚ್ಚರ ಕಾಯ್ದೆ, ಹೆಸರೇ ಬೈಗುಳ. 1987ರಲ್ಲಿ ಅದು ಹೋಗಿ ಬೇರೆ ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಅಂತೂ ಓದಿದರೆ ಕರುಳು ಚುರ್ ಅನ್ನುತ್ತದೆ. ಇಂಥವರು ಸಿಕ್ಕರೆ ಅರೆಸ್ಟ್ ಅಲ್ಲವಂತೆ, ರಕ್ಷಣೆಗೆ ತೆಗೆದುಕೊಳ್ಳುವುದಂತೆ. ಯಾಕೆ ಅಂತ ಅವರಿಗೇ ಹೇಳಬೇಕಂತೆ. ಆದಷ್ಟು ಬೇಗ, ತಡವಾದರೂ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕಂತೆ. ಏನೇ ಆದರೂ ಲಾಕಪ್ಪಿಗೆ ಹಾಕುವಂತಿಲ್ಲ.

ಪೊಲೀಸರು ಅವನನ್ನು ಕರೆದೊಯ್ದ ಹಿಂದೆಯೇ ಠಾಣೆಗೆ ಹೋಗಿ ನೋಡಿದೆ. ಚಾಚೂ ತಪ್ಪದೆ ಪಾಲಿಸಿದ್ದರು. ಲಾಕಪ್ಪಿಗೆ ಹಾಕಿರಲಿಲ್ಲ. ಅದರ ಎದುರಿನ ಬೆಂಚಿಗೆ ಕಟ್ಟಿದ್ದರು. ತಲೆಯ ಮೇಲೆ ಗೋಡೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಪೋಸ್ಟರ್: 'ಮನಸ್ಸಿಗೆ ಬೇಸರವೇ? 14416ಕ್ಕೆ ಕರೆ ಮಾಡಿ.' ಮಾಡಬಹುದಿತ್ತು, ಕೈ ಬಿಡುವಿರಲಿಲ್ಲ.

ಈಗ ಆನೆ ವಿಷಯಕ್ಕೆ ಬನ್ನಿ. ಹಾಸನದಲ್ಲಿ ಯಾವ ಮಾತು ಎತ್ತಿದರೂ ಕೊನೆಗೆ ಆನೆ ಬರಲೇಬೇಕು. ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟಕ್ಕೆ ಕಾಡಾನೆ ನುಗ್ಗಿದರೆ ಆನೆ ಕಾರ್ಯಪಡೆ ಬರುತ್ತದೆ. ದೂರ ನಿಲ್ಲಿ, ಕಲ್ಲು ಹೊಡೀಬೇಡಿ, ಫೋಟೋ ತೆಗೀಬೇಡಿ ಅಂತ ಜನರಿಗೆ ಬುದ್ಧಿ ಹೇಳುತ್ತಾರೆ. ಹಿಡಿಯಲೇಬೇಕಾದರೆ ಅರಿವಳಿಕೆ ಕೊಡಲು ಡಾಕ್ಟರು ಬರುತ್ತಾರೆ. ಆನೆಯನ್ನು ಸಂಭಾಳಿಸಲು ಸಾಕಾನೆಗಳನ್ನೇ ಕರೆಸುತ್ತಾರೆ. ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿ, ಬಿಟ್ಟ ಮೇಲೂ ಎಲ್ಲಿದೆ ಅಂತ ವಿಚಾರಿಸುತ್ತಾರೆ. ಭೀಮ, ಕ್ಯಾಪ್ಟನ್ ಅಂತ ಹೆಸರು ಬೇರೆ. ಒಳ್ಳೆಯದೇ, ಆನೆ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಠಾಣೆಯಲ್ಲಿ ನಾನಿದ್ದ ಎರಡು ಗಂಟೆಯಲ್ಲಿ ಈ ಮನುಷ್ಯನ ಹೆಸರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ತಮಾಷೆ ಸಾಕು. ಅದು ನೈಲಾನ್ ಹಗ್ಗ. ಮಣಿಕಟ್ಟಿನ ಚರ್ಮ ಸುಲಿದಿತ್ತು. ನಮ್ಮೂರಲ್ಲಿ ಹಸುವಿಗೂ ಯಾರೂ ಹಾಗೆ ಬಿಗಿಯುವುದಿಲ್ಲ. ಪೊಲೀಸರಿಗೆ ಆಗಾಗ ತರಬೇತಿ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಬಂದೋಬಸ್ತ್ ಡ್ಯೂಟಿ ಮುಗಿಸಿ ಬಂದು ನಿದ್ದೆಗಣ್ಣಲ್ಲಿದ್ದ ಆ ಹುಡುಗ ಕಾನ್ಸ್‌ಟೇಬಲ್ ಇಂಥದ್ದೊಂದು ಕಾಯ್ದೆ ಇದೆ ಅಂತಲೇ ಕೇಳಿರಲಿಲ್ಲ. ಅವನನ್ನು ಬೈದು ಏನು ಬಂತು? 'ಕಟ್ಟಿ ಹಾಕಿ ಸಾರ್' ಅಂತ ಕೂಗಿದವರು ನಮ್ಮವರೇ. ಹಗ್ಗ ಕೊಟ್ಟಿದ್ದು ನಾನು ದಿನಾ ಟೀ ಕುಡಿಯುವ ಅಂಗಡಿಯವನು. 'ಸುಮ್ನೆ ಅರಸೀಕೆರೆಗೆ ಕರ್ಕೊಂಡೋಗಿ ಯಾವ್ದಾದ್ರೂ ಟ್ರೈನ್ ಹತ್ತಿಸ್ಬಿಡಿ' ಅಂತ ಐಡಿಯಾ ಕೊಟ್ಟಿದ್ದು ಇಸ್ತ್ರಿ ಶರ್ಟಿನ ದೊಡ್ಡ ಮನುಷ್ಯರೊಬ್ಬರು.

ಆಸ್ಪತ್ರೆಗೆ ಯಾವಾಗ ಕರ್ಕೊಂಡು ಹೋಗ್ತೀರಿ ಸಾರ್ ಅಂದೆ. ಜೀಪು ಹೊರಗೆ ಹೋಗಿದೆ ಅಂದರು. ಮೊದಲು ಕೇಸ್ ಏನಂತ ಬರೆಯೋದು ಅನ್ನುವುದೇ ರೈಟರಿಗೆ ತಲೆನೋವಾಗಿತ್ತು. ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, 'ನೀವೇ ಹೇಳಿ, ಕುಡಿದಿಲ್ಲ, ಕದ್ದಿಲ್ಲ, ಏನಂತ ಹಾಕಲಿ?' ಅಂದರು.

'ಮನೆ ಇಲ್ಲದೆ ಅಲೆಯೋರು ಸಿಕ್ಕಿದ್ರೆ ಕಾಣೆಯಾದವರು ಅಂತ ಎಫ್‌ಐಆರ್ ಹಾಕ್ಬೇಕು ಸಾರ್, ಮನೆಯವರನ್ನ ಹುಡುಕ್ಬೇಕು, ಕಾಯ್ದೆಯಲ್ಲೇ ಇದೆ' ಅಂದೆ.

ರೈಟರು ಬೆಂಚಿನ ಕಡೆ ನೋಡಿದರು, ನನ್ನ ಕಡೆ ನೋಡಿದರು.

'ಕಾಣೆಯಾಗಿದ್ದಾನಾ? ಏನ್ ಸಾರ್ ನೀವು, ಕಣ್ಣೆದುರಿಗೇ ಕೂತಿದ್ದಾನಲ್ಲ!'