ಲೆಕ್ಕದ ಪುಸ್ತಕದಲ್ಲೇ ಇದೆ
ಸ್ಥಳೀಯ ಕಲಾಸಂಸ್ಥೆಗಳು ದತ್ತಾಂಶ ಬಳಸುವುದನ್ನು ಕಲಿಯಬೇಕು ಎಂಬ ಲೇಖನದ ಮಾತು ಸರಿ. ಆದರೆ ನಮ್ಮಲ್ಲಿ ದತ್ತಾಂಶವೇ ಇಲ್ಲವೆಂದು ತಿಳಿಯಬೇಡಿ. ಕಟೀಲು, ಮಂದಾರ್ತಿಯಂಥ ಯಕ್ಷಗಾನ ಮೇಳಗಳಲ್ಲಿ ಹರಕೆ ಆಟಗಳು, ಅಂದರೆ ಭಕ್ತರು ಹರಕೆ ಹೊತ್ತು ಆಡಿಸುವ ಪ್ರದರ್ಶನಗಳು, ವರ್ಷಗಳ ಮೊದಲೇ ನಿಗದಿಯಾಗಿರುತ್ತವೆ. ದಾಖಲೆಯಿಲ್ಲದೆ ಅದು ಸಾಧ್ಯವೇ? ನಮ್ಮೂರಿನ ಸಣ್ಣ ಯಕ್ಷಗಾನ ಸಂಘದ ಲೆಕ್ಕ ಬರೆಯುವವನು ನಾನು. ರಟ್ಟಿನ ಪುಸ್ತಕದಲ್ಲಿ ದಿನಾಂಕ, ಊರು, ಆಡಿದ ಪ್ರಸಂಗ, ಹಾಡಿದ ಭಾಗವತರು, ಆಟಕ್ಕೆ ಸಿಕ್ಕ ವೀಳ್ಯದ ಮೊತ್ತ ಎಲ್ಲವೂ ಇದೆ. ಅರ್ಧಕ್ಕೆ ನಿಂತ ಆಟದ ಪಕ್ಕದಲ್ಲಿ ‘ಗಾಳಿಮಳೆ’ ಎಂಬ ಟಿಪ್ಪಣಿಯೂ ಇದೆ. ಕಳೆದ ಮಳೆಗಾಲದಲ್ಲಿ ಅದನ್ನು ಕಂಪ್ಯೂಟರಿಗೆ ಏರಿಸಿದಾಗಲೇ ಗೊತ್ತಾದದ್ದು, ಮೇ ತಿಂಗಳ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯ ಆಸುಪಾಸಿನ ಬಯಲಾಟಗಳಲ್ಲೇ ನಮಗೆ ಹೆಚ್ಚು ನಷ್ಟವೆಂದು. ಈಗ ಆ ದಿನಗಳಲ್ಲಿ ಸಭಾಂಗಣದೊಳಗೇ ಆಡುತ್ತೇವೆ. ಹಳೆಯ ಪುಸ್ತಕಗಳು ಗೆದ್ದಲಿನ ಪಾಲಾಗುವ ಮೊದಲು ಯಾರಾದರೂ ಬಂದು ಪುಟಗಳ ಚಿತ್ರ ತೆಗೆದುಕೊಟ್ಟರೆ ಸಾಕು, ಉಳಿದದ್ದನ್ನು ನಾವೇ ಟೈಪ್ ಮಾಡಿಕೊಳ್ಳುತ್ತೇವೆ.