ಭದ್ರಾವತಿಗೆ ವಿಮಾನದಲ್ಲೇ ಬನ್ನಿ

ಭದ್ರಾವತಿ ನೋಡಬೇಕೆನ್ನುವವರಿಗೆ ಇದು ಸುಸಮಯ. 2023ರ ಜನವರಿಯಲ್ಲಿ ಇಲ್ಲಿನ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವಾಯಿತು; ಫೆಬ್ರುವರಿ 27ರಂದು ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಕುಲುಮೆ ಉರಿಯುತ್ತಿದ್ದಾಗ ರೈಲಿನಲ್ಲಿ ಕುಲುಕಿಕೊಂಡು ಬರಬೇಕಿತ್ತು. ಆರಿದ ಕುಲುಮೆ ನೋಡಲು ಹಾರಿಕೊಂಡೇ ಬರಬಹುದು. ಅಭಿವೃದ್ಧಿಯೆಂದರೆ ಹೀಗಿರಬೇಕು.

ಊರಿನ ಹಳೆಯ ಹೆಸರು ಬೆಂಕಿಪುರ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇಲ್ಲವೆಂದು ವಿಶ್ವೇಶ್ವರಯ್ಯನವರು ಕೈಕಟ್ಟಿ ಕೂರಲಿಲ್ಲ. ಮಲೆನಾಡಿನ ಕಟ್ಟಿಗೆಯಿಂದ ಇದ್ದಿಲು ಮಾಡಿಸಿ, ಕೆಮ್ಮಣ್ಣುಗುಂಡಿಯ ಅದಿರು ಇಳಿಸಿದ ಯೋಜನೆ ಅವರದು; 1923ರಲ್ಲಿ ಕಬ್ಬಿಣ ಹರಿಯಿತು. ಇಲ್ಲದ್ದನ್ನು ಹೊಂದಿಸಿಕೊಳ್ಳುವ ಆ ಜಾಣ್ಮೆಯನ್ನು ನಾವು ತಿರುಗುಮುರುಗು ಮಾಡಿದ್ದೇವೆ. ಬಳ್ಳಾರಿ, ಸಂಡೂರುಗಳಿರುವ ರಾಜ್ಯದಲ್ಲಿ, ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ, ಅವರದೇ ಹೆಸರಿನ ಕಾರ್ಖಾನೆಗೆ ಸ್ವಂತ ಗಣಿಯ ಅದಿರು ದಕ್ಕಲಿಲ್ಲ.

ಹಾಗೆಂದು ಸರ್ಕಾರಗಳು ಸುಮ್ಮನಿದ್ದವು ಎನ್ನುವಂತಿಲ್ಲ. 2016ರಲ್ಲಿ ಮಾರಲು ಹೊರಟರು; ಕೊಳ್ಳುವವರು ಸಿಗಲಿಲ್ಲ. ಮುಚ್ಚಲು ಹೊರಟರು, ಗುತ್ತಿಗೆ ಕಾರ್ಮಿಕರು ಗೇಟಿನೆದುರು ಧರಣಿ ಕೂತರು. ಕೊನೆಗೆ 2023ರ ಆಗಸ್ಟ್‌ನಲ್ಲಿ ಬಾರ್ ಮಿಲ್ ಒಂದು ತಿರುಗತೊಡಗಿತು. ಈ ಕಾರ್ಖಾನೆಯ ಒಡೆತನದ ಕೇಂದ್ರ ಸರ್ಕಾರಿ ಉಕ್ಕು ಕಂಪನಿ ಸೇಲ್‌ನ ಬೇರೆ ಕಾರ್ಖಾನೆಯ ಉಕ್ಕಿನ ದಿಮ್ಮಿ ತರಿಸುವುದು, ಇಲ್ಲಿ ಕಾಯಿಸಿ ಸರಳು ಎಳೆಯುವುದು. ಹೋಟೆಲಿನ ಸಾಂಬಾರು ತಂದು ಮನೆಯಲ್ಲಿ ಬಿಸಿ ಮಾಡಿದಂತೆ. ಆದರೂ ಅಡುಗೆ ತಮ್ಮದೇ ಎಂದು ಬೀಗುವವರಿಗೆ ಊರಿನಲ್ಲಿ ಬರವಿಲ್ಲ.

ಅಲ್ಲಿಂದ ಪೇಪರ್ ಟೌನ್‌ಗೆ ಬನ್ನಿ. 1936ರ ಎಂಪಿಎಂ, ಅಂದರೆ ಮೈಸೂರು ಕಾಗದ ಕಾರ್ಖಾನೆ, ಇಲ್ಲಿಯೇ ಇದೆ, ಕಾಗದವೊಂದು ಇಲ್ಲ. ಬೀಗ ಬಿದ್ದ ಕ್ವಾರ್ಟರ್ಸ್‌ನ ಗೋಡೆ ಸೀಳಿಕೊಂಡು ಅರಳಿ ಗಿಡಗಳು ಮಾತ್ರ ಯಾವ ಅನುದಾನಕ್ಕೂ ಕಾಯದೆ ಬೆಳೆಯುತ್ತಿವೆ. ‘ಕಾರ್ಖಾನೆಗಳ ಪುನಶ್ಚೇತನ ಖಚಿತ’ ಎಂಬ ಹೇಳಿಕೆ ಒಂದು ಕಾಲಕ್ಕೆ ಇದೇ ಊರಿನ ಕಾಗದದ ಮೇಲೆ ಅಚ್ಚಾಗಬಹುದಿತ್ತು. ಈಗ ಹೇಳಿಕೆ ಸ್ಥಳೀಯ, ಕಾಗದ ಹೊರಗಿನದು.

ಹಳೇನಗರದಲ್ಲಿ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನವಿದೆ. ಮೂರು ಗರ್ಭಗುಡಿ, 13ನೇ ಶತಮಾನದ್ದು, ಇಂದಿಗೂ ಗಟ್ಟಿಯಾಗಿದೆ. ಲಾಭ–ನಷ್ಟದ ಪಟ್ಟಿ ಒಪ್ಪಿಸೆಂದು ನರಸಿಂಹನನ್ನು ಕೇಳುವ ಧೈರ್ಯ ಯಾವ ಸಚಿವಾಲಯಕ್ಕೂ ಬಂದಿಲ್ಲ.

ಸೆಪ್ಟೆಂಬರ್ 15ಕ್ಕೆ ಬಂದರೆ ಇನ್ನೂ ಒಳ್ಳೆಯದು. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುವ ಸಾಲಿನಲ್ಲಿ ನೀವೂ ನಿಲ್ಲಬಹುದು. ತುಸು ಬೇಗ ಹೋಗಿ. ಮಾರಲು ಹೊರಟವರು, ಮುಚ್ಚಲು ಹೊರಟವರು, ಉಳಿಸಿಯೇ ತೀರುತ್ತೇವೆಂದವರು, ಎಲ್ಲರೂ ಅದೇ ಸಾಲಿನಲ್ಲಿರುತ್ತಾರೆ.